ಟ್ರಂಪ್ ಕಾರ್ಡ್ ಪಿಕ್ಚರ್ ಕಂಪನಿ

ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಕ್ರಿಕೆಟ್ ಟ್ರಂಪ್ ಕಾರ್ಡಿನ ಬಗ್ಗೆ ಹೇಳಬೇಕಿಲ್ಲ. ಉಳಿದವರಿಗೆ ಎರಡು ಮಾತು. ಇಸ್ಪೀಟಿನ ಎಲೆಯಷ್ಟೇ ದೊಡ್ಡ ರಟ್ಟು. ಮೇಲೆ ಆಟಗಾರನ ಫೋಟೋ, ಕೆಳಗೆ ಅವನು ಆಡಿದ ಪಂದ್ಯ, ಹೊಡೆದ ರನ್ನು, ತೆಗೆದ ವಿಕೆಟ್, ಹಿಡಿದ ಕ್ಯಾಚ್. ಕಟ್ಟನ್ನು ಹಂಚಿಕೊಂಡು, ನಿಮ್ಮ ಮೇಲಿನ ಕಾರ್ಡ್ ನೋಡಿ 'ರನ್' ಅಂತಲೋ 'ವಿಕೆಟ್' ಅಂತಲೋ ಕೂಗಬೇಕು. ಯಾರ ಸಂಖ್ಯೆ ದೊಡ್ಡದೋ ಅವರಿಗೆ ಎದುರಿನವರ ಕಾರ್ಡ್. ಇದಕ್ಕಿಂತ ಮೊದಲು, 1987ರ ವಿಶ್ವಕಪ್ ಹೊತ್ತಿಗೆ, ಬಿಗ್ ಫನ್ ಬಬಲ್ ಗಮ್ ಜೊತೆ ಆಟಗಾರರ ಚಿತ್ರ ಬರುತ್ತಿತ್ತಂತೆ. ಅದು ನನಗಿಂತ ಅಣ್ಣನ ಕಾಲದ ಮಾತು.

ಈ ಸಂಖ್ಯೆಯ ಆಟಕ್ಕೊಂದು ತೊಂದರೆಯಿತ್ತು. ಒಂದು ವಾರ ಆಡಿದರೆ ಎಲ್ಲರ ಲೆಕ್ಕವೂ ಬಾಯಿಪಾಠ. ಅಲನ್ ಬಾರ್ಡರ್ ಬಂದರೆ 'ರನ್' ಅನ್ನಬೇಕು, ಕಪಿಲ್ ದೇವ್ ಬಂದರೆ 'ವಿಕೆಟ್' ಅನ್ನಬೇಕು. ಮುಗಿಯಿತು, ಅದರಲ್ಲೇನು ಮಜಾ? ಹಾಗಾಗಿ ಬಿಬವೇವಾಡಿಯ ನಮ್ಮ ಒಂದೂವರೆ ಖೋಲಿಯ ಮನೆಯಲ್ಲಿ ಆ ಕಟ್ಟು ಬೇರೆ ಕೆಲಸಕ್ಕೆ ಬಂತು. ಅಣ್ಣ ಅದರಿಂದ ಸಿನಿಮಾ ತೆಗೆಯಲು ಶುರು ಮಾಡಿದ.

ನಿಯಮ ಸರಳ. ಕಣ್ಣು ಮುಚ್ಚಿ ಐದು ಕಾರ್ಡ್ ಎತ್ತಬೇಕು. ಸಂಖ್ಯೆಯ ಮೇಲೆ ಬೆರಳಿಟ್ಟು ಮುಚ್ಚಿ, ಮುಖ ಮಾತ್ರ ನೋಡಬೇಕು. ಆ ಐವರಿಗೂ ಪಾತ್ರ ಕೊಟ್ಟು, ಸಿನಿಮಾಕ್ಕೊಂದು ಹೆಸರಿಟ್ಟು, ಒಬ್ಬೊಬ್ಬರ ಬಾಯಲ್ಲೂ ಒಂದೊಂದು ಡೈಲಾಗ್ ಹೇಳಿಸಬೇಕು. ಹೇಳಲಾಗದಿದ್ದರೆ ಕಾರ್ಡ್ ವಾಪಸ್. ಡೈಲಾಗ್ ಕನ್ನಡದಲ್ಲೇ ಇರಬೇಕೆಂದು ಯಾರೂ ನಿಯಮ ಮಾಡಿರಲಿಲ್ಲ. ಆದರೆ ನಮಗೆ ಗೊತ್ತಿದ್ದ ಖಳನಾಯಕರೆಲ್ಲ ಕನ್ನಡದವರೇ ಆಗಿದ್ದರು. ಬೇಸಿಗೆ ರಜೆಗೆ ವಿಜಾಪುರಕ್ಕೆ ಹೋದಾಗ ಟಾಕೀಸಿನಲ್ಲಿ ನೋಡಿದ್ದು, ಮಾಮಾ ತರುತ್ತಿದ್ದ ಕ್ಯಾಸೆಟ್ಟುಗಳಲ್ಲಿ ಕೇಳಿದ್ದು, ಅಷ್ಟೇ ನಮ್ಮ ಬಂಡವಾಳ.

ಮರ್ವ್ ಹ್ಯೂಸ್‌ನ ಮೀಸೆ ನೋಡಿದವರು ಅವನನ್ನು ವಜ್ರಮುನಿ ಮಾಡದೆ ಇನ್ನೇನು ಮಾಡಿಯಾರು? ಮೂಗಿಗೆ, ಕೆನ್ನೆಗೆ ಬಿಳಿ ಕ್ರೀಮ್ ಬಳಿದುಕೊಂಡಿದ್ದ ಅಲನ್ ಡೊನಾಲ್ಡ್ ಸೀದಾ ದೊಡ್ಡಾಟದ ಬಣ್ಣದ ಮನೆಯಿಂದ ಎದ್ದು ಬಂದವನು. ಅವನಿಗೆ ಪೌರಾಣಿಕ ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ. ಓಡಬೇಕಾದ ಕಡೆ ನಡೆದೇ ರನ್ ತೆಗೆಯುತ್ತಿದ್ದ ಅರ್ಜುನ ರಣತುಂಗ ಗಲ್ಲೆಯ ಮೇಲೆ ಕುಳಿತ ಖಾನಾವಳಿ ಮಾಲೀಕ. ಕಾಲರ್ ಎತ್ತಿ, ಕೊರಳಲ್ಲಿ ತಾಯಿತ ಕಟ್ಟಿಕೊಂಡ ಅಜರುದ್ದೀನ್ ಹೀರೋ, ಅದರಲ್ಲಿ ಚರ್ಚೆಯಿಲ್ಲ. ಜಾವೇದ್ ಮಿಯಾಂದಾದ್ ಬಾಲಕೃಷ್ಣ. ನಗಿಸುತ್ತಲೇ ಮನೆ ಒಡೆಯುವವನು. ಶ್ರೀನಾಥ್, ಕುಂಬ್ಳೆ ಇಬ್ಬರೂ ಎಂಜಿನಿಯರಿಂಗ್ ಓದಿದವರೆಂದು ಅಪ್ಪ ಪದೇ ಪದೇ ನೆನಪಿಸುತ್ತಿದ್ದರಿಂದ ಅವರಿಗೆ ಯಾವಾಗಲೂ ಸರ್ಕಾರಿ ನೌಕರಿ. ಕೆನಾಲ್ ಅಳೆಯಲು ಬಂದವರು, ಲಂಚ ಮುಟ್ಟದವರು, ಮಧ್ಯಂತರಕ್ಕೆ ಮುಂಚೆ ವರ್ಗವಾಗುವವರು.

ಕೆಳಗಿನ ಮನೆಯ ಮರಾಠಿ ಹುಡುಗರು ಸೇರಿಕೊಂಡಾಗ ಆಟ ಕಾವೇರುತ್ತಿತ್ತು. ಅವರಿಗೆ ಹ್ಯೂಸ್ ಅಂದರೆ ನಿಳೂ ಫುಲೆ. ಮಿಯಾಂದಾದ್ ಅಶೋಕ್ ಸರಾಫ್ ಆಗಬೇಕು ಅನ್ನೋರು. ನಿಳೂ ಫುಲೆ ಕಣ್ಣು ಸಣ್ಣ ಮಾಡಿ ಮೆಲ್ಲಗೆ ಮಾತಾಡಿಯೇ ಹೆದರಿಸುವವರು, ವಜ್ರಮುನಿ ಗುಡುಗುವವರು. ಹ್ಯೂಸ್ ಬೌಲಿಂಗಿಗೆ ಓಡಿಬರುವ ರೀತಿ ನೋಡಿದರೆ ನಮ್ಮ ವಾದವೇ ಸರಿ ಎಂದು ಈಗಲೂ ಹೇಳುತ್ತೇನೆ.

ಹುಡುಗಿಯಾಗಿ ನನಗಿದ್ದ ತಕರಾರು ಬೇರೆ. ಇಡೀ ಕಟ್ಟಿನಲ್ಲಿ ಒಬ್ಬಳೇ ಒಬ್ಬಳು ಹೆಣ್ಣುಮಗಳಿಲ್ಲ! ಹೀರೋಯಿನ್ ಇಲ್ಲದೆ ಪಿಕ್ಚರ್ ಹೇಗೆ? ಅಣ್ಣನ ಸಿನಿಮಾಗಳಲ್ಲಿ ನಾಯಕಿ ಯಾವಾಗಲೂ ತವರಿಗೆ ಹೋಗಿರುತ್ತಿದ್ದಳು. ಅಪ್ಪ ಇದಕ್ಕೆ ಕಂಪನಿ ನಾಟಕದ ಪರಿಹಾರ ಸೂಚಿಸಿದ. ಗಂಡಸರೇ ಸೀರೆ ಉಟ್ಟು ಆಡುತ್ತಿದ್ದರಲ್ಲ, ಇದೇ ಪುಣೆಯಲ್ಲಿ ರಂಗಮಂದಿರಕ್ಕೆ ಹೆಸರಿಟ್ಟಿರುವ ಬಾಲಗಂಧರ್ವರೂ ಸ್ತ್ರೀಪಾತ್ರಕ್ಕೇ ಹೆಸರಾದವರಲ್ಲವೇ ಎಂದ. ಜಾಂಟಿ ರೋಡ್ಸ್‌ಗೆ ಸೀರೆ ಉಡಿಸಿದೆವು. ಚೆನ್ನಾಗಿಯೇ ಒಪ್ಪಿತು. ಆದರೆ ನನಗೆ ಸಮಾಧಾನವಾಗಲಿಲ್ಲ. ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ 1976ರಲ್ಲೇ ಭಾರತ ಮಹಿಳಾ ತಂಡದ ಮೊದಲ ಟೆಸ್ಟ್ ನಾಯಕಿ, ಆ ಪಂದ್ಯ ನಡೆದದ್ದೂ ಬೆಂಗಳೂರಿನಲ್ಲೇ. ಅದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಗೊತ್ತಿದ್ದರೆ ರೋಡ್ಸ್ ತನ್ನ ಫೀಲ್ಡಿಂಗ್ ಮಾಡಿಕೊಂಡು ಸುಮ್ಮನಿರಬಹುದಿತ್ತು.

ಆಟಗಾರರು ನಿಜವಾಗಿ ಬಣ್ಣ ಹಚ್ಚಿದ್ದೂ ಉಂಟಲ್ಲ ಎನ್ನುತ್ತೀರಿ. ಹೌದು, ಬೇಕಾದಷ್ಟಿದೆ. 1973ರಲ್ಲೇ ಸಲೀಂ ದುರಾನಿ 'ಚರಿತ್ರ'ದಲ್ಲಿ ಪರ್ವೀನ್ ಬಾಬಿಗೆ ಜೋಡಿಯಾದರು. ಗಾವಸ್ಕರ್ ಮರಾಠಿಯ 'ಸಾವಳಿ ಪ್ರೇಮಾಚಿ'ಯಲ್ಲಿ ನಟಿಸಿದರು. 1982ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಬಾಬ್ ವಿಲ್ಲಿಸ್‌ನ ಒಂದೇ ಓವರಿನಲ್ಲಿ ಆರು ಬೌಂಡರಿ ಚಚ್ಚಿದ ಸಂದೀಪ್ ಪಾಟೀಲ್, ಮೂರೇ ವರ್ಷದಲ್ಲಿ 'ಕಭಿ ಅಜನಬಿ ಥೇ'ಗೆ ಹೀರೋ ಆದರು. ಅದರಲ್ಲಿ ಖಳ ಯಾರು ಗೊತ್ತೇ? ನಮ್ಮ ಸಯ್ಯದ್ ಕಿರ್ಮಾನಿ! ಆ ಬೋಳುತಲೆಯ, ನಗುಮೊಗದ ಕೀಪರನ್ನು ಖಳ ಮಾಡಬಹುದು ಅಂತ ನಮ್ಮ ಅಣ್ಣನಿಗೂ ಹೊಳೆದಿರಲಿಲ್ಲ. ವಿನೋದ್ ಕಾಂಬ್ಳಿ ಕನ್ನಡದ 'ಬೆತ್ತನಗೆರೆ'ಯಲ್ಲಿ, ಶ್ರೀಶಾಂತ್ 2019ರ 'ಕೆಂಪೇಗೌಡ 2'ರಲ್ಲಿ ಕಾಣಿಸಿಕೊಂಡರು. ಇವರಲ್ಲಿ ಯಾರೂ ಪರದೆಯ ಮೇಲೆ ನಿಲ್ಲಲಿಲ್ಲ. ಕಾರಣವೂ ಸುಲಭವೇ. ಅವರನ್ನು ಕರೆದದ್ದು ಹೆಸರಿಗಾಗಿ, ಮುಖ ನೋಡಿ ಅಲ್ಲ. ಗಾವಸ್ಕರ್ ಯಾವ ಪಾತ್ರ ಮಾಡಿದರೂ ಗಾವಸ್ಕರೇ.

ಕಾರ್ಡುಗಳ ತವರಾದ ಅಮೆರಿಕದಲ್ಲಿ ಇದು ಬೇರೆ ಥರ ನಡೆದದ್ದೂ ಇದೆ. ಅಲ್ಲಿ ಬೇಸ್‌ಬಾಲ್ ಆಟಗಾರರ ಕಾರ್ಡು ಮೊದಲು ಸಿಗರೇಟಿನ ಪ್ಯಾಕಿನಲ್ಲಿ, ಆಮೇಲೆ ಚೂಯಿಂಗ್ ಗಮ್ ಜೊತೆ ಬರುತ್ತಿದ್ದವು. 1951ರಲ್ಲಿ ಶಿಕಾಗೋ ಕಬ್ಸ್ ತಂಡಕ್ಕೆ ಆಡಿದ ಚಕ್ ಕಾನರ್ಸ್ ಎಂಬಾತ ಆಟದಲ್ಲಿ ಅಂಥ ಹೆಸರೇನೂ ಮಾಡಲಿಲ್ಲ. 1958ರಲ್ಲಿ 'ದಿ ರೈಫಲ್‌ಮ್ಯಾನ್' ಧಾರಾವಾಹಿಯಲ್ಲಿ ಕೋವಿ ಹಿಡಿದು ನಿಂತಾಗ ದೇಶವೇ ಗುರುತಿಸಿತು. ನಮ್ಮ ಆಟದಲ್ಲೂ ಅದೇ. ರನ್ನು, ವಿಕೆಟ್ ಕಡಿಮೆ ಇದ್ದ ಬಡಪಾಯಿ ಕಾರ್ಡುಗಳಿಗೇ ಒಳ್ಳೊಳ್ಳೆ ಪಾತ್ರ ಸಿಗುತ್ತಿದ್ದವು.

ನಮ್ಮವರಲ್ಲಿ ಪಾತ್ರ ಸರಿಯಾಗಿ ಕೂತದ್ದು ಒಬ್ಬರಿಗೇ, ಅದೂ ಜಾಹೀರಾತಿನಲ್ಲಿ. 2021ರಲ್ಲಿ ರಾಹುಲ್ ದ್ರಾವಿಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು, ಕಾರಿನಿಂದ ಎದ್ದು ನಿಂತು, ಬ್ಯಾಟು ಬೀಸುತ್ತ ತಾನು ಇಂದಿರಾನಗರದ ಗೂಂಡಾ ಎಂದು ಅರಚಿದರಲ್ಲ, ಅದು. ಮನೆಮಾತು ಮರಾಠಿ, ಊರು ಬೆಂಗಳೂರು, ಅಂದರೆ ನಮ್ಮದರ ತಿರುವುಮುರುವು. ಅದು ಬಂದ ದಿನ ಮಸ್ಕತ್ತಿನಿಂದ ಅಣ್ಣನ ಫೋನು: "ಯಾವ ಇಂದಿರಾನಗರ ಲೇ? ನಮ್ಮ ಅಪ್ಪರ್ ಇಂದಿರಾನಗರ ಏನು?" ಬಿಬವೇವಾಡಿಯವರಿಗೆ ಈ ಜೋಕು ಬಿಡಿಸಿ ಹೇಳಬೇಕಿಲ್ಲ.

ಇನ್ನು ಅವ್ವನ ವಿಷಯ. ಅವ್ವನಿಗೆ ಮರಾಠಿ ಅಷ್ಟಕ್ಕಷ್ಟೆ, ಕ್ರಿಕೆಟ್ ಗೊತ್ತೇ ಇಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಕಾಯಿಪಲ್ಲೆ ಕೊಳ್ಳುವಾಗ ನಾವೇ ಅವಳ ಬಾಯಿ. ಆದರೆ ಸಿನಿಮಾ ಎಂದರೆ ಅವಳ ಮಾತೇ ಮಾತು. ರೊಟ್ಟಿ ಬಡಿಯುತ್ತಲೇ ನಮ್ಮ ಕಥೆ ಕೇಳುತ್ತ, "ಅಂವಾ ಇಷ್ಟ ಲಗೂನ ಸಾಯಬಾರದು" ಅಂತ ತಿದ್ದುತ್ತಿದ್ದಳು. ಒಂದು ಸಂಜೆ ಲಟಪಟ ಸದ್ದು ನಿಂತಿತು. ಅಣ್ಣ ಆ ದಿನ ವೆಸ್ಟ್ ಇಂಡೀಸಿನ ಐದೂ ಜನರನ್ನು ಒಂದೇ ಗುಹೆಯಲ್ಲಿ ಕೂಡಿಹಾಕಿದ್ದ. ಆಂಬ್ರೋಸ್ ರಾಕ್ಷಸ, ಬಿಷಪ್ ಡಕಾಯಿತ, ವಾಲ್ಶ್ ಅವರ ಸರದಾರ. ಸಿನಿಮಾದಲ್ಲಿ ಹಾಗೇ ಇರುತ್ತಿತ್ತು. ಕೆಟ್ಟವರ ಗುಂಪಿಗೆ ಮಸಿ ಬಳಿಯುವುದು, ಹೀರೋಗೆ ಪೌಡರು ಬಳಿಯುವುದು.

ಅವ್ವ ಹಿಟ್ಟಿನ ಕೈಯಲ್ಲೇ ಬಂದು ಕಾರ್ಡುಗಳನ್ನು ನೋಡಿ ಕೇಳಿದಳು: "ಕರೇ ಮಂದೀನೆಲ್ಲಾ ಕಳ್ಳರನ್ನ ಮಾಡೀರಲ್ಲೋ. ನಾ ಏನ್ ಬೆಳ್ಳಗ ಅದೀನೇನು? ನಿಮ್ಮ ಪಿಕ್ಚರದಾಗ ನಂಗ ಯಾವ ಪಾರ್ಟ್ ಕೊಡ್ತೀರಿ?"

ಅವ್ವ ನಿಜಕ್ಕೂ ಕಪ್ಪು. ಆ ಬಣ್ಣಕ್ಕಾಗಿ ಅವಳಿಗೆ ಎರಡು ಸಂಬಂಧ ತಪ್ಪಿತ್ತೆಂದು ಅಜ್ಜಿ ಹೇಳುತ್ತಿದ್ದಳು. ಮನೆಯಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಅಪ್ಪ ಪೇಪರ್ ಮಡಚಿಟ್ಟು, ವಾಲ್ಶ್‌ನ ಕಾರ್ಡ್ ಎತ್ತಿಕೊಂಡು ಒಂದು ಕಥೆ ಹೇಳಿದ. 1987ರ ವಿಶ್ವಕಪ್, ಲಾಹೋರ್. ಪಾಕಿಸ್ತಾನಕ್ಕೆ ಕೊನೆಯ ಚೆಂಡಿನಲ್ಲಿ 2 ರನ್ ಬೇಕು, ಉಳಿದಿರುವುದು ಒಂದೇ ವಿಕೆಟ್. ವಾಲ್ಶ್ ಓಡಿಬಂದ. ಆ ಕಡೆಯ ಸಲೀಂ ಜಾಫರ್ ಚೆಂಡು ಬೀಳುವ ಮೊದಲೇ ಗೆರೆ ಬಿಟ್ಟು ಹೊರಟಾಗಿತ್ತು. ಬೇಲ್ಸ್ ಎಗರಿಸಿದ್ದರೆ ವೆಸ್ಟ್ ಇಂಡೀಸ್ ಗೆದ್ದಂತೆ. ವಾಲ್ಶ್ ಎಗರಿಸಲಿಲ್ಲ. ನಿಂತ, ಎಚ್ಚರಿಸಿ ಮರಳಿ ಹೋದ. ಮತ್ತೆ ಹಾಕಿದ ಚೆಂಡಿಗೆ ಅಬ್ದುಲ್ ಖಾದಿರ್ 2 ರನ್ ಹೊಡೆದ. ಪಂದ್ಯ ಹೋಯಿತು, ವೆಸ್ಟ್ ಇಂಡೀಸ್ ಸೆಮಿಫೈನಲ್ ಮುಟ್ಟಲಿಲ್ಲ.

ಅವ್ವನಿಗೆ ಬೇಲ್ಸು, ಗೆರೆ ಯಾವುದೂ ತಿಳಿಯಲಿಲ್ಲ. ತಿಳಿಯಬೇಕಾದ್ದು ತಿಳಿಯಿತು. "ಇವಂಗ ಅಶ್ವಥ್ ಪಾರ್ಟ್ ಕೊಡ್ರಿ" ಅಂದಳು. ಅಂದಿನಿಂದ ನಮ್ಮ ಕಂಪನಿಯಲ್ಲಿ ಕೋರ್ಟ್ನಿ ವಾಲ್ಶ್ ಎಂದರೆ ಕೆ.ಎಸ್. ಅಶ್ವಥ್. ಮನೆತನದ ಹಿರಿಯ, ಸಾಲಕ್ಕೆ ಜಾಮೀನು ನಿಂತು ಹೊಲ ಕಳೆದುಕೊಳ್ಳುವವನು, ಆದರೂ ಬಾಯಿ ತಪ್ಪದವನು. ಆರೂವರೆ ಅಡಿ ಮೀರಿದ ಆಂಬ್ರೋಸ್ ಪೋಸ್ಟ್ ಮಾಸ್ತರನಾದ. ಅಗಲ ಟೊಪ್ಪಿಗೆಯ ರಿಚಿ ರಿಚರ್ಡ್‌ಸನ್ ಹೀರೋ ಆದ, ಅಜರುದ್ದೀನ್ ತಮ್ಮನಾದ.

ಇದಾದ ಮೇಲೆ 1996ರ ಫೆಬ್ರವರಿ 29 ಬಂತು. ಸ್ವಾರ್‌ಗೇಟ್ ಹತ್ತಿರದ ನೆಹರು ಸ್ಟೇಡಿಯಂ. ಬಿಬವೇವಾಡಿಯಿಂದ ಪಿಎಂಟಿ ಬಸ್ಸು ಹತ್ತಿದರೆ ಹತ್ತಿಪ್ಪತ್ತು ನಿಮಿಷ. ವೆಸ್ಟ್ ಇಂಡೀಸ್ ಎದುರು ಕೀನ್ಯಾ. ಕಾಕಾನಿಗೆ ಎಲ್ಲಿಂದಲೋ ಎರಡು ಟಿಕೆಟ್ ಸಿಕ್ಕಿ, ಅಣ್ಣ ಶಾಲೆ ತಪ್ಪಿಸಿ ಹೋದ. ನಾನು ಟಿವಿಯ ಮುಂದೆ. ಕೀನ್ಯಾ 166ಕ್ಕೆ ಮುಗಿದಾಗ ಟಿವಿ ಆರಿಸಲು ಹೊರಟವರೇ ಎಲ್ಲ. ಆಮೇಲೆ ಆ ಕನ್ನಡಕದ ಕೀಪರ್ ತಾರಿಕ್ ಇಕ್ಬಾಲ್! ಚೆಂಡು ಕೈಗೆ ಸಿಕ್ಕರೆ ಪುಣ್ಯ ಅನ್ನುವ ಹಾಗೆ ತಡವರಿಸುತ್ತಿದ್ದ. ರಜಬ್ ಅಲಿ ಚೆಂಡಿಗೆ ಲಾರಾ ಬ್ಯಾಟು ತಾಗಿಸಿದಾಗ ಅದನ್ನು ಮಾತ್ರ ಹೇಗೋ ಅವುಚಿಕೊಂಡ. ಲಾರಾ 8. ವೆಸ್ಟ್ ಇಂಡೀಸ್ 93ಕ್ಕೆ ಆಲೌಟ್. ನಾಯಕ ಮಾರಿಸ್ ಒಡುಂಬೆ 10 ಓವರಿನಲ್ಲಿ 15 ರನ್ ಕೊಟ್ಟು 3 ವಿಕೆಟ್ ತೆಗೆದ. ಮೊದಲ ವಿಶ್ವಕಪ್ ಆಡುತ್ತಿದ್ದವರು ಎರಡು ಸಲ ಕಪ್ ಎತ್ತಿದವರನ್ನು 73 ರನ್ನಿನಿಂದ ಸೋಲಿಸಿದರು. ಅದೂ ನಮ್ಮ ಬಸ್ ಸ್ಟಾಪಿನ ದಾರಿಯಲ್ಲಿ.

ರಾತ್ರಿ ಅಣ್ಣ ಕಟ್ಟು ತೆಗೆದು ಹುಡುಕಿದ. ಕೀನ್ಯಾದ ಒಂದು ಕಾರ್ಡೂ ಇಲ್ಲ. ಯಾಕಿರುತ್ತದೆ? ಮರುದಿನದ ಪೇಪರಿನಿಂದ ಒಡುಂಬೆಯ ಚಿತ್ರ ಕತ್ತರಿಸಿ, ಸೀರೆ ಡಬ್ಬಿಯ ರಟ್ಟಿಗೆ ಮೈದಾಹಿಟ್ಟಿನಲ್ಲಿ ಅಂಟಿಸಿದೆವು. ಕೆಳಗೆ ಪೆನ್ನಿನಲ್ಲಿ ಬರೆದದ್ದು ಎರಡೇ ಸಂಖ್ಯೆ, 3 ಮತ್ತು 15. ಆ ಬೇಸಿಗೆಯಿಡೀ ಒಡುಂಬೆ ನಮ್ಮ ಹೀರೋ. ಊರ ಗೌಡನ ಎದುರು ನಿಂತ ಜೀತದಾಳಿನ ಮಗ, ಕನ್ನಡಕದ ಗೆಳೆಯ ತಾರಿಕ್, ಜಮೀನು ವಾಪಸ್. ದಕ್ಷಿಣ ಆಫ್ರಿಕಾದ ಹ್ಯಾನ್ಸಿ ಕ್ರೋನಿಯೆ ಅದರಲ್ಲಿ ಪ್ರಾಮಾಣಿಕ ಜಿಲ್ಲಾಧಿಕಾರಿ. ಕಟ್ಟಿನಲ್ಲೇ ಅವನಷ್ಟು ನೇರ ಮುಖ ಇನ್ನೊಂದಿರಲಿಲ್ಲ.

ಮುಂದಿನದು ನಿಮಗೆ ಗೊತ್ತೇ ಇದೆ. 2000ದಲ್ಲಿ ಕ್ರೋನಿಯೆ ಬುಕ್ಕಿಗಳಿಂದ ಹಣ ಪಡೆದದ್ದನ್ನು ಒಪ್ಪಿಕೊಂಡ. ಅದೇ ವರ್ಷ ಅಜರುದ್ದೀನ್‌ಗೆ ಮಂಡಳಿಯ ಆಜೀವ ನಿಷೇಧ; 2012ರಲ್ಲಿ ಹೈಕೋರ್ಟು ಅದು ಕಾನೂನುಬದ್ಧವಲ್ಲ ಎಂದಿತು. 2004ರಲ್ಲಿ ಒಡುಂಬೆಗೂ ಬುಕ್ಕಿಯ ನಂಟಿಗಾಗಿ ಐದು ವರ್ಷ ನಿಷೇಧ. ಹೀರೋ, ಹೀರೋನ ತಮ್ಮ, ಜಿಲ್ಲಾಧಿಕಾರಿ, ಎಲ್ಲರೂ ಹೋದರು. ಮೀಸೆಯ ಮರ್ವ್ ಹ್ಯೂಸ್ ಮಾತ್ರ ಯಾವ ತಂಟೆಯೂ ಇಲ್ಲದೆ ಉಳಿದ. ವಾಲ್ಶ್ ಅಶ್ವಥ್ ಆಗಿಯೇ ಇದ್ದಾನೆ. ಅವ್ವ ಆರಿಸಿದವನು.

ಈಗ ನಮ್ಮ ಸೊಸೈಟಿ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ. ಬಿಬವೇವಾಡಿಯಲ್ಲಿ ಎಲ್ಲರ ಮನೆಯ ಮಾತೂ ಇದೇ. ಅಟ್ಟ ಖಾಲಿ ಮಾಡುವಾಗ ಬಿಸ್ಕತ್ ಡಬ್ಬಿಯಲ್ಲಿ 27 ಕಾರ್ಡ್ ಸಿಕ್ಕವು, ಒಡುಂಬೆಯದು ಸೇರಿ. ಮಗಳಿಗೆ ಆಟ ಹೇಳಿಕೊಟ್ಟೆ. ವಜ್ರಮುನಿ ಯಾರೆಂದು ಅವಳಿಗೆ ಗೊತ್ತಿಲ್ಲ; ಹ್ಯೂಸ್‌ನನ್ನು 'ಕೆಜಿಎಫ್'ನ ಗರುಡ ಮಾಡಿ, ಅವನ ಬಾಯಲ್ಲಿ ಕನ್ನಡದಲ್ಲೇ ಒಂದು ಬೈಗುಳ ಹಾಕಿದಳು. ಎಪ್ಪತ್ತು ದಾಟಿದ ಅವ್ವ ಬೈಗುಳದ ವ್ಯಾಕರಣ ತಿದ್ದಿದಳು. ಒಡುಂಬೆಯನ್ನು ಏನು ಮಾಡೋಣ ಎಂದು ಅಣ್ಣನಿಗೆ ಕೇಳಿದ್ದಕ್ಕೆ, "ಡಬಲ್ ರೋಲ್ ಮಾಡಿಬಿಡು" ಅಂದ.

ಆದರೆ ವಾಲ್ಶ್‌ನ ಕಾರ್ಡು ಡಬ್ಬಿಯಲ್ಲಿಲ್ಲ. ಹೊಸ ಕಥೆಗೆ ಹಿರಿಯರೇ ಇಲ್ಲದಂತಾಗಿದೆ. ನಿಮ್ಮ ಅಟ್ಟದಲ್ಲಿ ಎರಡಿದ್ದರೆ ಒಂದು ಕೊಡಿ. ಬದಲಿಗೆ ನನ್ನಲ್ಲಿ ರಣತುಂಗ ಇಬ್ಬರಿದ್ದಾರೆ.