ಉಸಿರಾಟ ಕಲಿಸಿದರು, ಫೈಲು ಇಳಿಸಲಿಲ್ಲ



ಕಳೆದ ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲಿ ನಿಂತಿದ್ದಾಗ, ಅಡಿಲೇಡಿಗೆ ಹೊಸದಾಗಿ ಬಂದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. "ನಿಮ್ಮ ಮನೆಯವರು ಏನು ಮಾಡ್ತಾರೆ?" ಎಂದು ಕೇಳಿದರು. "ಸೋಶಿಯಲ್ ವರ್ಕರ್" ಅಂದೆ. "ಓಹೋ, ಸಮಾಜ ಸೇವೆ! ಬಹಳ ಒಳ್ಳೇದು. ಅದು ಸರಿ, ಕೆಲಸ ಏನು ಮಾಡ್ತಾರೆ?" ಅಂದರು. ನಾನು ನಕ್ಕು ಹೋಳಿಗೆ ಕಡೆ ಕೈ ಚಾಚಿದೆ. ಪಕ್ಕದಲ್ಲೇ ಇದ್ದ ನನ್ನವಳು ನಗಲಿಲ್ಲ.

ಅವರದೇನೂ ತಪ್ಪಿಲ್ಲ ಬಿಡಿ. ನಮ್ಮ ಊರಿನಲ್ಲಿ 'ಸಮಾಜ ಸೇವಕರು' ಅಂದರೆ ಕಣ್ಣ ಮುಂದೆ ಬರುವುದು ಫ್ಲೆಕ್ಸ್ ಬ್ಯಾನರಿನಲ್ಲಿ ಕೈ ಮುಗಿದು ನಿಂತ, ಮುಂದಿನ ಚುನಾವಣೆಗೆ ಟಿಕೆಟ್ ಆಕಾಂಕ್ಷಿಯಾದ ಮಹನೀಯರು! ನಮ್ಮ ವಿಶ್ವವಿದ್ಯಾಲಯಗಳು ಈ ವಿದ್ಯೆಗೆ 'ಸಮಾಜಕಾರ್ಯ' ಎಂಬ ಹೆಸರಿಟ್ಟು ಎಷ್ಟೋ ಕಾಲವಾಯಿತು. ಮಂಗಳೂರಿನ ರೋಶನಿ ನಿಲಯ 1960ರಿಂದ ಇದನ್ನು ಕಲಿಸುತ್ತಿದೆ, ನನ್ನವಳು ಎಂಎಸ್‌ಡಬ್ಲ್ಯೂ ಓದಿದ್ದೂ ಅಲ್ಲೇ. ಆದರೂ ಜನರ ಬಾಯಲ್ಲಿ 'ಕಾರ್ಯ' ನಿಲ್ಲಲಿಲ್ಲ, 'ಸೇವೆ'ಯೇ ಉಳಿಯಿತು. ಸೇವೆ ಮಾಡುವವರಿಗೆ ದಣಿವಾಗುತ್ತದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಇದನ್ನೆಲ್ಲ ಈಗ ಬರೆಯಲು ಕಾರಣ, ನಮ್ಮ ಸಮಿತಿಯ ಮುಂದಿರುವ ಒಂದು ಪ್ರಸ್ತಾಪ. ನಮ್ಮಲ್ಲಿ ಸೋಶಿಯಲ್ ವರ್ಕ್, ನರ್ಸಿಂಗ್, ವೃದ್ಧರ ಆರೈಕೆ, ಅಂಗವಿಕಲರ ನೆರವು ಇಂಥ ಕೆಲಸಗಳಲ್ಲಿರುವ ಸದಸ್ಯರು ಹೆಚ್ಚುತ್ತಿದ್ದಾರೆ. ಅವರಿಗಾಗಿ ಒಂದು ದಿನದ 'ಮೈಂಡ್‌ಫುಲ್‌ನೆಸ್ ಮತ್ತು ಕೋಚಿಂಗ್' ಶಿಬಿರ ನಡೆಸಬೇಕು ಎಂಬ ಮಾತಿದೆ. ಉದ್ದೇಶ ಒಳ್ಳೆಯದೇ. ಆದರೆ ನಾನು ಈ ಮದ್ದನ್ನು ಹತ್ತಿರದಿಂದ ನೋಡಿದವನು, ಕುಡಿದವನಲ್ಲ. ಆದ್ದರಿಂದ ನಾಲ್ಕು ಮಾತು. ನಾನೇನು ಬರಹಗಾರನಲ್ಲ, ಕೋಡ್ ಬರೆದೇ ಅಭ್ಯಾಸ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾವಿರುವುದು ಪ್ರಾಸ್ಪೆಕ್ಟ್‌ನಲ್ಲಿ. ಅವಳ ಕೆಲಸ ಕಷ್ಟದಲ್ಲಿರುವ ಕುಟುಂಬಗಳ ಜೊತೆ. ಮನೆ ಬಿಟ್ಟು ಬಂದ ತಾಯಂದಿರು, ಬಾಡಿಗೆ ಕಟ್ಟಲಾಗದವರು, ಕುಡಿತ, ಹೊಡೆತ. ಸಂಸ್ಥೆಯ ಹೆಸರು ಬೇಡ. ವಿವರ ನನಗೂ ಗೊತ್ತಿಲ್ಲ, ಏಕೆಂದರೆ ಅವಳು ಹೇಳುವಂತಿಲ್ಲ. ನಾನು ಆಫೀಸಿನಿಂದ ಬಂದರೆ ಮ್ಯಾನೇಜರಿನಿಂದ ಹಿಡಿದು ಕಾಫಿ ಮಷೀನಿನವರೆಗೆ ಎಲ್ಲವನ್ನೂ ಬೈದು ಹಗುರಾಗುತ್ತೇನೆ. ಅವಳಿಗೆ ಆ ಭಾಗ್ಯವಿಲ್ಲ. ನನಗೆ ಕಾಣುವುದು ಹೊರಗಿನದಷ್ಟೇ. ಎರಡು ವರ್ಷದ ಹಿಂದೆ ಕಂಡದ್ದು ಇದು: ಸಂಜೆ ಕಾರು ಬಂದು ಮನೆ ಮುಂದೆ ನಿಲ್ಲುತ್ತಿತ್ತು, ಅವಳು ಇಳಿಯುತ್ತಿರಲಿಲ್ಲ. ಹದಿನೈದು ನಿಮಿಷ, ಇಪ್ಪತ್ತು ನಿಮಿಷ ಸ್ಟೇರಿಂಗ್ ಹಿಡಿದು ಕೂತೇ ಇರುತ್ತಿದ್ದಳು. ಮಗಳು ಕಿಟಕಿಯಿಂದ ನೋಡಿ "ಅಮ್ಮ ಇನ್ನೂ ಪಾರ್ಕ್ ಮಾಡ್ತಿದ್ದಾಳೆ" ಅನ್ನುತ್ತಿದ್ದಳು. ಮೊದಲು "ಪಾಪ, ಒಂದು ಕುಟುಂಬ" ಎನ್ನುತ್ತಿದ್ದವಳು, ಬರುಬರುತ್ತಾ "ಆ ಗುರುವಾರದ ಕೇಸು" ಎನ್ನತೊಡಗಿದಳು. ಅದನ್ನು ಅವಳೇ ಮೊದಲು ಗಮನಿಸಿದ್ದು. ಗಮನಿಸಿ ಅತ್ತದ್ದೂ ಆವತ್ತೇ.

'ಸೋತು ಸುಣ್ಣವಾಗುವುದು' ಅಂತ ನಮ್ಮಲ್ಲೊಂದು ಮಾತಿದೆಯಲ್ಲ, ಇಂಗ್ಲಿಷಿನವರ ಬರ್ನ್‌ಔಟ್‌ಗೆ ಹತ್ತಿರದ್ದು ಅದೇ ಇರಬೇಕು. ಸುಣ್ಣದ ಕಲ್ಲು ಸುಟ್ಟ ಮೇಲೂ ಕಲ್ಲಿನ ಹಾಗೇ ಕಾಣುತ್ತದೆ, ನೀರು ಬಿದ್ದಾಗಲೇ ಗೊತ್ತಾಗುವುದು! ಈ ಪದವನ್ನು ಈ ಅರ್ಥದಲ್ಲಿ ಚಾಲ್ತಿಗೆ ತಂದವರು ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್, 1974ರಲ್ಲಿ. ಎಲ್ಲಿ ನೋಡಿ ಬರೆದರು ಗೊತ್ತೇ? ಬಡವರಿಗಾಗಿ ನಡೆಯುತ್ತಿದ್ದ ಉಚಿತ ಚಿಕಿತ್ಸಾಲಯದಲ್ಲಿ. ಅಲ್ಲಿನ ಸ್ವಯಂಸೇವಕರನ್ನು ನೋಡಿ, ತಮ್ಮನ್ನೂ ನೋಡಿಕೊಂಡು. ಅಂದರೆ ಈ ಪದ ಹುಟ್ಟಿದ್ದೇ ಸೇವೆ ಮಾಡುವವರ ನಡುವೆ. ಆಮೇಲೆ 1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಇದನ್ನು ಅಳೆಯುವ ಪ್ರಶ್ನಾವಳಿ ಮಾಡಿದರು. ಅದರಲ್ಲಿ ಮೂರು ಅಂಶ: ಭಾವನೆಗಳೆಲ್ಲ ಬತ್ತಿಹೋಗುವುದು, ಎದುರಿಗಿರುವವರು ಮನುಷ್ಯರಾಗಿ ಕಾಣದೆ ಫೈಲಾಗಿ ಕಾಣುವುದು, ಎಷ್ಟು ಮಾಡಿದರೂ ಏನೂ ಆಗಲಿಲ್ಲ ಅನ್ನಿಸುವುದು. ಎರಡನೆಯದನ್ನು ಓದಿದಾಗ ನನಗೆ ಗುರುವಾರದ ಕೇಸು ನೆನಪಾಯಿತು.

ಸರಿ, ಅವಳ ಸಂಸ್ಥೆ ಸುಮ್ಮನೆ ಕೂರಲಿಲ್ಲ. ಎಂಟು ವಾರದ ಮೈಂಡ್‌ಫುಲ್‌ನೆಸ್ ತರಗತಿ ಏರ್ಪಡಿಸಿತು. ಯಾವಾಗ? ಮಧ್ಯಾಹ್ನದ ಊಟದ ಹೊತ್ತಿನಲ್ಲಿ! ಮೊದಲ ದಿನ ಒಂದೊಂದು ಒಣದ್ರಾಕ್ಷಿ ಕೈಗೆ ಕೊಟ್ಟು, ನೋಡಿ, ಮೂಸಿ, ನಿಧಾನವಾಗಿ ಅಗಿಯಿರಿ ಎಂದರಂತೆ. ಊಟದ ಸಮಯ ಆ ಒಂದು ದ್ರಾಕ್ಷಿಯಲ್ಲೇ ಮುಗಿಯಿತು, ಡಬ್ಬಿಯಲ್ಲಿದ್ದ ಚಿತ್ರಾನ್ನ ಹಾಗೇ ಮನೆಗೆ ಬಂತು. ನಾನು ಹೊಟ್ಟೆ ತುಂಬ ನಕ್ಕೆ. ಆದರೆ ನ್ಯಾಯವಾಗಿ ಹೇಳಬೇಕು, ಅವಳಿಗೆ ಅದು ಇಷ್ಟವಾಯಿತು. ರಾತ್ರಿ ನಿದ್ದೆ ಸ್ವಲ್ಪ ಸುಧಾರಿಸಿತು. ಯಾರ ಮನೆ ಬಾಗಿಲು ತಟ್ಟುವ ಮೊದಲೂ ಮೂರು ಉಸಿರು ಎಣಿಸುವ ಅಭ್ಯಾಸ ಇವತ್ತಿಗೂ ಇದೆ.

ನಮಗೆ ಇದೇನೂ ಹೊಸ ಸರಕಲ್ಲ ಎಂದು ಮೂಗು ಮುರಿಯುವವರೂ ನಮ್ಮಲ್ಲಿದ್ದಾರೆ. ನಿಜ, ಮದುವೆಯಲ್ಲಿ ಅಂತರಪಟ ಹಿಡಿದಾಗ ಪುರೋಹಿತರು ಕೂಗುವ 'ಸಾವಧಾನ' ಅಂದರೆ ಗಮನವಿಟ್ಟು ಇರು ಎಂದೇ. (ಕೇಳಿಸಿಕೊಂಡ ವರ ಎಷ್ಟು ಮಂದಿಯೋ!) ಆದರೆ ಆಸ್ಪತ್ರೆಗೆ ಹೊಂದುವ ಎಂಟು ವಾರದ ಪಠ್ಯಕ್ರಮವಾಗಿ ಇದನ್ನು ಕಟ್ಟಿದವರು ಅಮೆರಿಕದ ಜಾನ್ ಕಬಟ್-ಜಿನ್, 1979ರಲ್ಲಿ, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ. ಅವರ ಹತ್ತಿರ ಬಂದವರಲ್ಲಿ ಅನೇಕರು ವಾಸಿಯಾಗದ ನೋವಿನಿಂದ ನರಳುತ್ತಿದ್ದ ರೋಗಿಗಳು. ವಾಸಿಯಾಗದ ನೋವಿನ ಜೊತೆ ಬದುಕಲು ಕಲಿಸುವ ವಿದ್ಯೆ ಅದು. ನನ್ನ ತಕರಾರು ಇಲ್ಲೇ ಶುರುವಾಗುವುದು. ಕೆಲಸದ ಹೊರೆ ವಾಸಿಯಾಗದ ಕಾಯಿಲೆಯೇ? ಹೊರೆ ಹೊರಿಸಿದವರೊಬ್ಬರು ಇದ್ದೇ ಇರುತ್ತಾರೆ, ಇಳಿಸಲೂ ಅವರಿಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2019ರಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆ ಎನ್ನಲಿಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ ಎಂದಿತು.

ನನ್ನ ವೃತ್ತಿಯ ಭಾಷೆಯಲ್ಲಿ ಹೇಳುತ್ತೇನೆ. ಸರ್ವರ್‌ಗೆ ತಡೆಯಲಾರದಷ್ಟು ಟ್ರಾಫಿಕ್ ಬಂದು ಬಿದ್ದುಹೋದರೆ ನಾವು ಅದಕ್ಕೆ ಉಸಿರಾಟ ಕಲಿಸುವುದಿಲ್ಲ. ಲೋಡ್ ಹಂಚುತ್ತೇವೆ, ಇನ್ನೊಂದು ಮಷೀನ್ ಸೇರಿಸುತ್ತೇವೆ. ಮನುಷ್ಯ ಸರ್ವರ್ ಅಲ್ಲ, ಗೊತ್ತು. ಆದರೆ ನಮ್ಮ ತಂಡದಲ್ಲಿ ಆನ್-ಕಾಲ್ ಇದ್ದವನು ರಾತ್ರಿ ಎರಡು ಗಂಟೆಗೆ ಎದ್ದು ಏನಾದರೂ ಸರಿಪಡಿಸಿದರೆ ಮಾರನೆಯ ದಿನ ತಡವಾಗಿ ಬರಬಹುದು. ದೊಡ್ಡ ತೊಂದರೆಯಾದರೆ ಎಲ್ಲರೂ ಕೂತು, ಯಾರನ್ನೂ ಬೈಯದೆ, ಹೀಗೇಕಾಯಿತು ಎಂದು ಮಾತಾಡುತ್ತೇವೆ. ಕೆಟ್ಟದ್ದು ಒಂದು ವೆಬ್‌ಸೈಟ್ ಅಷ್ಟೇ! ಅವಳು ಒಂದು ಮಗುವಿನ ಮೈಮೇಲಿನ ಗಾಯ ನೋಡಿ ಬಂದ ಮಧ್ಯಾಹ್ನ, ಮೂರು ಗಂಟೆಗೆ ಇನ್ನೊಂದು ಮನೆಗೆ ಹೋಗಬೇಕು, ಐದರೊಳಗೆ ಎರಡರ ವರದಿಯನ್ನೂ ಬರೆಯಬೇಕು.

ತಮಾಷೆಯೆಂದರೆ, ಆ ವಿದ್ಯೆಯಲ್ಲಿ ಇದಕ್ಕೆ ವ್ಯವಸ್ಥೆ ಮೊದಲಿನಿಂದ ಇದೆ. 'ಸೂಪರ್‌ವಿಷನ್' ಅನ್ನುತ್ತಾರೆ. ನಾವು ತಿಳಿದ ಹಾಗೆ ಮೇಲಧಿಕಾರಿ ಬಂದು ತಲೆ ಮೇಲೆ ನಿಲ್ಲುವುದಲ್ಲ, ಅನುಭವಸ್ಥರೊಬ್ಬರ ಜೊತೆ ನಿಯಮಿತವಾಗಿ ಕೂತು ಕೇಸಿನ ಬಗ್ಗೆ, ತನ್ನ ಮನಸ್ಸಿನ ಬಗ್ಗೆ ಮಾತಾಡುವುದು. ಇಲ್ಲಿನ ಸಮಾಜಕಾರ್ಯಕರ್ತರ ರಾಷ್ಟ್ರೀಯ ಸಂಘ, 1946ರಲ್ಲಿ ಹುಟ್ಟಿದ್ದು, ಅದನ್ನು ವೃತ್ತಿಯ ಭಾಗ ಎಂದೇ ಹೇಳುತ್ತದೆ. ಆದರೆ ಜನ ಕಡಿಮೆಯಾದಾಗ ಕ್ಯಾಲೆಂಡರಿನಿಂದ ಮೊದಲು ಹಾರಿಹೋಗುವುದೂ ಅದೇ. ಅವಳಿಗೆ ನಾಲ್ಕು ತಿಂಗಳು ಅದು ಸಿಗಲಿಲ್ಲ. ಅದರ ಬದಲು ದ್ರಾಕ್ಷಿ ಸಿಕ್ಕಿತು.

ಕೋಚಿಂಗ್ ಬಗ್ಗೆ ನನಗೆ ಸ್ವಲ್ಪ ಹೆಚ್ಚು ಮರ್ಯಾದೆ. ಆರು ಸಲ ಒಬ್ಬ ಕೋಚ್ ಜೊತೆ ಮಾತಾಡಿದಳು. ಆಕೆ ಉಪದೇಶ ಮಾಡಲಿಲ್ಲ, ಪ್ರಶ್ನೆ ಕೇಳಿದಳಂತೆ: ಇದರಲ್ಲಿ ನಿಮ್ಮ ಕೈಯಲ್ಲಿರುವುದು ಯಾವುದು, ಬೇರೆಯವರ ಕೈಯಲ್ಲಿರುವುದು ಯಾವುದು? ಪಟ್ಟಿ ಮಾಡಿದಾಗ ಎರಡನೆಯ ಸಾಲೇ ಉದ್ದವಾಯಿತು. ಅದನ್ನು ಹಿಡಿದುಕೊಂಡು ಟೀಮ್ ಲೀಡರ್ ಹತ್ತಿರ ಹೋಗಿ, "ಒಂದು ಮುಗಿಯುವ ತನಕ ಹೊಸದು ತಗೊಳ್ಳೋಕಾಗಲ್ಲ" ಅಂದಳು. ನಮ್ಮ ಮನೆಗಳಲ್ಲಿ ಬೆಳೆದ ಹೆಣ್ಣುಮಗಳಿಗೆ ಈ ವಾಕ್ಯ ಎಷ್ಟು ಕಷ್ಟ ಅಂತ ನಾನು ಹೇಳಬೇಕಾಗಿಲ್ಲ. ಹದಿನೆಂಟಿದ್ದ ಕುಟುಂಬಗಳು ಹನ್ನೆರಡಾದವು. ಕಾರಿನಲ್ಲಿ ಕೂರುವುದು ನಿಂತದ್ದು ಆಮೇಲೆಯೇ. ಒಳ್ಳೆಯ ಟೀಮ್ ಲೀಡರ್ ಸಿಕ್ಕಿದ್ದು ಅವಳ ಅದೃಷ್ಟ. ಅದೇ ಮಾತು ಹೇಳಿ "ನಿನಗೆ ಸಹನಶಕ್ತಿ ಸಾಲದು" ಅನ್ನಿಸಿಕೊಂಡ ಗೆಳತಿಯರೂ ಅವಳಿಗಿದ್ದಾರೆ.

ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. 2024ರಲ್ಲಿ ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಸಮೀಕ್ಷೆಯನ್ನು ಪರಿಶೀಲಿಸಿದ ಅಧ್ಯಯನ ಪ್ರಕಟಿಸಿದರು. ಮೈಂಡ್‌ಫುಲ್‌ನೆಸ್, ಆ್ಯಪ್, ಒತ್ತಡ ನಿಭಾಯಿಸುವ ತರಬೇತಿ ಪಡೆದವರು, ಪಡೆಯದವರಿಗಿಂತ ಹೆಚ್ಚು ನೆಮ್ಮದಿಯಿಂದ ಇದ್ದದ್ದು ಕಾಣಲಿಲ್ಲ. ಅದು ಒಂದೇ ಸಲದ ಸಮೀಕ್ಷೆ, ಹೆಚ್ಚು ದಣಿದವರೇ ತರಬೇತಿಗೆ ಸೇರಿರಲೂಬಹುದು ಎಂಬ ಆಕ್ಷೇಪಕ್ಕೆ ಜಾಗವಿದೆ. ಇಂಜಿನಿಯರಾಗಿ ಅದನ್ನೂ ಹೇಳಿಬಿಡುತ್ತೇನೆ. ಆದರೂ ಶಿಬಿರಕ್ಕೆ ದುಡ್ಡು ಹಾಕುವವರು ಒಮ್ಮೆ ಯೋಚಿಸುವಷ್ಟಾದರೂ ಅದರಲ್ಲಿದೆ.

ಊರಿನ ಮಾತು ಬಿಟ್ಟರೆ ಅಮ್ಮ ಬೈಯುತ್ತಾರೆ. ದಾವಣಗೆರೆ ಹತ್ತಿರದ ನಮ್ಮ ಹಳ್ಳಿಯ ಆಶಾ ಕಾರ್ಯಕರ್ತೆ ನಮ್ಮ ಮನೆಯ ಜಗಲಿಗೆ ಬಂದು ಕೂರುವವರು. 2025ರ ಜನವರಿಯಲ್ಲಿ ಅಮ್ಮ ಫೋನಿನಲ್ಲಿ, "ಆಶಕ್ಕ ಬೆಂಗ್ಳೂರಿಗೆ ಹೋಗ್ಯಾಳಪ್ಪ, ಧರಣಿಗೆ" ಅಂದರು. ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲೂ ರಾತ್ರಿ ಕೂತಿದ್ದ ಸಾವಿರಾರು ಹೆಂಗಸರಲ್ಲಿ ಅವರೂ ಒಬ್ಬರು. ಓದಿನ ಲೆಕ್ಕದಲ್ಲಿ ಅವರು ಸೋಶಿಯಲ್ ವರ್ಕರ್ ಅಲ್ಲ, ಆದರೆ ಸುಮಾರು ಸಾವಿರ ಜನರ ಬಸಿರು, ಬಾಣಂತನ, ಲಸಿಕೆ, ಕ್ಷಯ ಎಲ್ಲ ಅವರ ತಲೆ ಮೇಲೆ. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಹೆಗಡೆ ನಗರದ ಕಡೆ ಕೋವಿಡ್ ಸಮೀಕ್ಷೆಗೆ ಹೋದ ಆಶಾಗಳ ಮೇಲೆ ಹಲ್ಲೆಯಾಯಿತು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರಿಗೆ ಪ್ರಶಸ್ತಿ ಕೊಟ್ಟಿತು. ಅವರು ಕೇಳುತ್ತಿದ್ದದ್ದು ಪ್ರಶಸ್ತಿಯಲ್ಲ, ತಿಂಗಳಿಗೆ ಹದಿನೈದು ಸಾವಿರ ರೂಪಾಯಿ. ನಾಲ್ಕನೆಯ ದಿನ, ಹತ್ತು ಸಾವಿರಕ್ಕೆ ಕಡಿಮೆಯಾಗದಂತೆ ಕೊಡುತ್ತೇವೆ ಎಂಬ ಭರವಸೆ ಮುಖ್ಯಮಂತ್ರಿಗಳಿಂದ ಬಂದ ಮೇಲೆ ಎದ್ದರು. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಸರಿಯಾಗಿ ಕೂರದೆ ಪ್ರೋತ್ಸಾಹಧನ ಕೈತಪ್ಪುತ್ತದೆ ಎಂಬುದು ಅವರ ಇನ್ನೊಂದು ದೂರು. ನನ್ನಂಥವನೇ ಯಾರೋ ಬರೆದ ಕೋಡ್! ಓದಿ ನಾಚಿಕೆಯಾಯಿತು. ಆಶಕ್ಕನಿಗೆ ಯಾರಾದರೂ ಹೋಗಿ 'ಧ್ಯಾನ ಮಾಡಮ್ಮ' ಅಂದರೆ ಏನು ಉತ್ತರ ಬರುತ್ತದೆ ಎಂದು ದಾವಣಗೆರೆ ಕಡೆಯವರಿಗೆ ಗೊತ್ತು, ಇಲ್ಲಿ ಬರೆಯುವಂತಿಲ್ಲ.

ನಾವಿರುವ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಒಂದೆರಡು ಒಳ್ಳೆಯ ಕೆಲಸವಾಗಿವೆ. 2021ರಲ್ಲಿ ದೇಶದಲ್ಲೇ ಮೊದಲ ಬಾರಿಗೆ ಸಮಾಜಕಾರ್ಯಕರ್ತರ ನೋಂದಣಿಗೆ ಇಲ್ಲಿ ಕಾಯ್ದೆಯಾಯಿತು. 2023ರ ಡಿಸೆಂಬರ್ ಕೊನೆಯಿಂದ, ಕೆಲಸದಿಂದ ಮನಸ್ಸಿಗಾಗುವ ಅಪಾಯವನ್ನೂ ಮೈಗಾಗುವ ಅಪಾಯದಂತೆ ಮಾಲೀಕರೇ ತಡೆಯಬೇಕೆಂಬ ನಿಯಮ ಬಂದಿದೆ. ಮಿತಿಮೀರಿದ ಹೊರೆಯೂ ಅಂಥ ಅಪಾಯವೇ. ಈ ವಿಷಯ ನಮ್ಮ ಜನಕ್ಕೆ ಅಷ್ಟಾಗಿ ತಿಳಿದಿಲ್ಲ. ವೀಸಾ ಭಯದಲ್ಲಿರುವವರು ತಿಳಿದರೂ ಬಾಯಿ ಬಿಡುವುದಿಲ್ಲ.

ಆದ್ದರಿಂದ ಸಮಿತಿಯವರಲ್ಲಿ ನನ್ನ ವಿನಂತಿ. ಶಿಬಿರ ನಡೆಸಿ, ನಾನೇ ಕುರ್ಚಿ ಹಾಕುತ್ತೇನೆ. ಆದರೆ ಬೆಳಗ್ಗೆ ಉಸಿರಾಟವಾದ ಮೇಲೆ ಮಧ್ಯಾಹ್ನ ಈ ನಿಯಮಗಳನ್ನು ಬಲ್ಲ ಒಬ್ಬರನ್ನು ಕರೆಸಿ ಮಾತಾಡಿಸಿ. ಹೊರೆ ಜಾಸ್ತಿಯಾದಾಗ ಯಾರಿಗೆ, ಹೇಗೆ ಬರೆದು ತಿಳಿಸಬೇಕು ಎಂಬುದನ್ನು ಹೇಳಿಕೊಡಲಿ. ಆಮೇಲೆ ತಿಂಗಳಿಗೊಮ್ಮೆ ಇದೇ ವೃತ್ತಿಯವರು ಒಂದೆಡೆ ಸೇರಿ ಕನ್ನಡದಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಒಂದು ಕೋಣೆ ಕೊಡಿಸಿ. ಅಡಿಲೇಡ್ ಚಿಕ್ಕ ಊರು, ಒಬ್ಬರ ಮಾತು ಇನ್ನೊಬ್ಬರ ಅಡುಗೆಮನೆಗೆ ತಲುಪಲು ಅರ್ಧ ದಿನ ಸಾಕು, ಹಾಗಾಗಿ ಆ ಕೋಣೆಗೆ ನಮ್ಮಂಥ ಗಂಡಂದಿರಿಗೆ ಪ್ರವೇಶ ಬೇಡ. ನಾವು ಆ ಹೊತ್ತು ಮಕ್ಕಳನ್ನು ನೋಡಿಕೊಂಡು ಅಡುಗೆ ಮಾಡೋಣ.

ಇಷ್ಟು ಬರೆದು ನನ್ನವಳಿಗೆ ತೋರಿಸಿದೆ. ಕೊನೆಯ ಸಾಲು ಓದಿ, "ಅಡುಗೆ ಅಂದ್ರೆ ಮ್ಯಾಗಿ ಅಲ್ಲ ರೀ, ಅದನ್ನೂ ಬರೀರಿ" ಅಂದಳು. ಬರೆದಿದ್ದೇನೆ.

ಇತಿ ನಿಮ್ಮವ,
ಪ್ರಾಸ್ಪೆಕ್ಟ್‌ನಿಂದ ಒಬ್ಬ ಸದಸ್ಯ