ಗಾಲ್ಫ್ ಹುಲ್ಲಿನ ವೇಗ ಮತ್ತು ಮಲೆನಾಡಿನ ಮಳೆ

ಗಾಲ್ಫ್ ಎಂದರೆ ನೆಲ, ನೀರು ಎರಡನ್ನೂ ನುಂಗುವ ಶ್ರೀಮಂತರ ಆಟವೆಂಬ ಅಭಿಪ್ರಾಯ ಪರಿಸರಾಸಕ್ತರಲ್ಲಿ ಸಾಮಾನ್ಯ. ಬೆಂಗಳೂರಿನ ಚಲ್ಲಘಟ್ಟ ಕೆರೆಯಂಗಳ ಗಾಲ್ಫ್ ಮೈದಾನವಾದುದನ್ನು ಬಲ್ಲವರು ಹಾಗೆನ್ನುವುದು ಸಹಜವೇ. ಆದರೆ ಆ ಮೈದಾನದೊಳಗೆ ಅತಿ ಹೆಚ್ಚು ಗೊಬ್ಬರ, ಔಷಧ ಬೇಡುವ ಜಾಗ ಯಾವುದೆಂಬುದು ಚರ್ಚೆಗೆ ಬರುವುದು ವಿರಳ. ಚೆಂಡನ್ನು ಕುಳಿಗೆ ಉರುಳಿಸುವ ನುಣುಪಾದ ಹುಲ್ಲುಹಾಸೇ ಪಟಿಂಗ್ ಗ್ರೀನ್. ಹದಿನೆಂಟು ಕುಳಿಗಳದ್ದೂ ಸೇರಿದರೆ ಎರಡೂವರೆ ಎಕರೆಯ ಆಸುಪಾಸು. ಅಲ್ಲಿ ಚೆಂಡು ವೇಗವಾಗಿ ಉರುಳಬೇಕೆಂಬ ಹಟವೇ ಹೆಚ್ಚಿನ ತೊಂದರೆಗಳ ಬೇರು.

ವೇಗ ಅಳೆಯುವ ಸಾಧನವನ್ನು 1935ರಲ್ಲಿ ರೂಪಿಸಿದವರು ಅಮೆರಿಕದ ಎಡ್ವರ್ಡ್ ಸ್ಟಿಂಪ್ಸನ್. ನಡುವೆ ತೋಡಿರುವ ಮೂರಡಿಯ ಪಟ್ಟಿಯಲ್ಲಿ ಚೆಂಡನ್ನಿಟ್ಟು ಒಂದು ತುದಿಯನ್ನು ಮೆಲ್ಲನೆ ಎತ್ತಿದರೆ ಚೆಂಡು ಜಾರುತ್ತದೆ. ಹುಲ್ಲಿನ ಮೇಲೆ ಅದು ಸಾಗಿದ ಅಡಿಗಳೇ ವೇಗ. 1970ರ ದಶಕದಲ್ಲಿ ಅಮೆರಿಕದ ಮೈದಾನಗಳ ಸರಾಸರಿ ಸುಮಾರು ಆರೂವರೆ ಅಡಿ. ಇಂದಿನ ದೊಡ್ಡ ಪಂದ್ಯಗಳಲ್ಲಿ 11ರಿಂದ 13 ಅಡಿ. ಒಂದು ಮೈದಾನದ ಎಲ್ಲ ಗ್ರೀನುಗಳೂ ಏಕರೂಪವಾಗಿವೆಯೇ ಎಂದು ನೋಡಲು ಹುಟ್ಟಿದ ಅಳತೆ, ಮೈದಾನ ಮೈದಾನಗಳ ನಡುವಿನ ಪೈಪೋಟಿಗೆ ಬಳಕೆಯಾಗುತ್ತಿರುವುದು ವಿಪರ್ಯಾಸ.

ಉಷ್ಣವಲಯದ ಗ್ರೀನುಗಳಲ್ಲಿ ಹೆಚ್ಚಾಗಿ ಬೆಳೆಸುವುದು ಗರಿಕೆಯ ಮಿಶ್ರತಳಿಗಳನ್ನು. ಗಣಪತಿಗೆ ಏರಿಸುವ ಗರಿಕೆಯ ಬಂಧುಗಳೇ ಅವು. ವೇಗಕ್ಕಾಗಿ ಈ ಹುಲ್ಲನ್ನು 3 ಮಿಲಿಮೀಟರಿನಷ್ಟು ಗಿಡ್ಡವಾಗಿ ನಿತ್ಯ ಕತ್ತರಿಸುತ್ತಾರೆ. ಎಲೆ ಕಡಿಮೆಯಾದರೆ ಆಹಾರ ತಯಾರಿಕೆ ಕಡಿಮೆ, ಬೇರೂ ಮೇಲುಮೇಲಕ್ಕೆ. ಸಾರಜನಕ ತಗ್ಗಿಸಿದರೆ ಚೆಂಡು ಚುರುಕಾಗುತ್ತದೆ, ಆದರೆ ಹಸಿದ ಹುಲ್ಲಿಗೆ ಶಿಲೀಂಧ್ರ ಬೇಗ ತಗಲುತ್ತದೆ. ಆಗ ಔಷಧದ ಸರದಿ.

ಗರಿಕೆ ಬಿಸಿಲಿನ ಸಸ್ಯ, ನೆರಳನ್ನು ಸಹಿಸದು. ಜೋಯಿಡಾ, ದಾಂಡೇಲಿಗಳಲ್ಲಿ ಆಷಾಢದ ಮೋಡ ವಾರಗಟ್ಟಲೆ ಕದಲುವುದಿಲ್ಲ. ಆ ಮಂಕು ಬೆಳಕಿನಲ್ಲಿ 3 ಮಿಲಿಮೀಟರಿನ ಹುಲ್ಲು ತೆಳುವಾಗಿ, ಪಾಚಿ ಕಟ್ಟುವುದು ಖಚಿತ. ಗ್ರೀನಿನ ತಳ ಒಂದಡಿ ಮರಳು, ಕೆಳಗೆ ಜಲ್ಲಿ, ಬಸಿಗೊಳವೆ. ಹಾಕಿದ ಗೊಬ್ಬರದ ನೈಟ್ರೇಟು ಜಡಿಮಳೆಯಲ್ಲಿ ಹಳ್ಳ ಸೇರಲು ಇದಕ್ಕಿಂತ ಸುಗಮವಾದ ಹಾದಿ ಬೇಕಿಲ್ಲ. ಇಳಿಜಾರಿನ ಮಾತೂ ಇದೆ. ಹನ್ನೊಂದು ಅಡಿ ವೇಗದಲ್ಲಿ ನೂರಕ್ಕೆ ಮೂರು ಅಡಿಗಿಂತ ಹೆಚ್ಚು ಇಳಿಜಾರಿದ್ದರೆ ಕುಳಿಯ ಬಳಿ ಚೆಂಡು ನಿಲ್ಲುವುದೇ ಕಷ್ಟ. ಅಂದರೆ ವೇಗ ಬೇಕೆಂದರೆ ಗುಡ್ಡವನ್ನೇ ತಟ್ಟು ಮಾಡಬೇಕು!

ಎಂಟು ಅಡಿ ಸಾಕೆಂದು ಒಪ್ಪಿದರೆ ಚಿತ್ರ ಬದಲಾಗುತ್ತದೆ. ಮಳೆಗಾಲದಲ್ಲಿ ಹುಲ್ಲನ್ನು 4–5 ಮಿಲಿಮೀಟರಿಗೆ ಬಿಟ್ಟು, ನೆಲ ಆರಿದ ದಿನಗಳಲ್ಲಿ ಹಗುರ ರೋಲರ್ ಎಳೆದು, ಆಗಾಗ ತೆಳುವಾಗಿ ಮರಳು ಹರಡಿದರೆ ಸಮತಟ್ಟಾದ ಉರುಳು ದೊರಕುತ್ತದೆ. ಹಗುರವಾಗಿ ರೋಲರ್ ಎಳೆದ ಹುಲ್ಲಿನಲ್ಲಿ ಡಾಲರ್ ಸ್ಪಾಟ್ ಎಂಬ ಶಿಲೀಂಧ್ರ ರೋಗ ಕಡಿಮೆಯೆಂದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯವೊಂದರ ಪ್ರಯೋಗಗಳು ತೋರಿಸಿವೆ.

ಹಳಿಯಾಳ, ಮುಂಡಗೋಡದ ಭತ್ತದ ರೈತನಿಗೆ ಔಷಧದ ಮಿತಿಯನ್ನು ಬೋಧಿಸುವವರು ಈ ಎರಡೂವರೆ ಎಕರೆಗೂ ಅದನ್ನೇ ಬೋಧಿಸಬೇಕು. ಕಾಳಿ ಕಣಿವೆಯಲ್ಲಿ ರೆಸಾರ್ಟುಗಳು ಹೆಚ್ಚುತ್ತಿವೆ. ಮುಂದೆಂದಾದರೂ ಗಾಲ್ಫ್ ಮೈದಾನದ ಅರ್ಜಿ ಬಂದರೆ ಗ್ರಾಮಸಭೆ ಕೇಳಬೇಕಾದುದು ಮೂರು: ಆಷಾಢದಲ್ಲಿ ಹುಲ್ಲಿನ ಎತ್ತರ ಎಷ್ಟು, ಸಿಂಪಡಣೆಯ ಲೆಕ್ಕದ ಪುಸ್ತಕ ಯಾರ ಬಳಿ, ಬಸಿಗೊಳವೆಯ ಬಾಯಿ ಯಾವ ಹಳ್ಳಕ್ಕೆ.