ಉಡುಗೊರೆ ಅಟ್ಟ ಸೇರದಿರಲಿ

ನಿವೃತ್ತಿಯ ನಂತರ ಸರ್ಕಾರಿ ವಸತಿಗೃಹವನ್ನು ತೆರವು ಮಾಡುವಾಗ, ಅಟ್ಟದಿಂದ ಇಳಿದ ಸಾಮಾನುಗಳ ಪಟ್ಟಿಯನ್ನು ನನ್ನ ಪತ್ನಿ ನೋಟ್‌ಪುಸ್ತಕವೊಂದರಲ್ಲಿ ಬರೆದಿಟ್ಟಳು. ಗೋಡೆ ಗಡಿಯಾರ ಒಂಬತ್ತು, ಗಾಜಿನ ಲೋಟಗಳ ಸೆಟ್ ಆರು, ಫೋಟೊ ಫ್ರೇಮ್ ಹದಿನಾಲ್ಕು. ಬಹುಪಾಲು ಪೆಟ್ಟಿಗೆಗಳನ್ನು ಬಿಚ್ಚಿಯೇ ಇರಲಿಲ್ಲ. ಕಚೇರಿಗೆ ಸಂಬಂಧಪಟ್ಟವರಿಂದ ಉಡುಗೊರೆ ಪಡೆಯಲು ಸೇವಾ ನಡತೆ ನಿಯಮಗಳು ಬಿಡುತ್ತಿರಲಿಲ್ಲ. ಬಂಧುಗಳ ಪ್ರೀತಿಯನ್ನು ತಡೆಯುವ ನಿಯಮ ಮಾತ್ರ ಯಾವುದೂ ಇರಲಿಲ್ಲ.

ಡಿಸೆಂಬರ್ ತಿಂಗಳಲ್ಲಿ ಆ ಪಟ್ಟಿ ಮತ್ತೆ ಮತ್ತೆ ನೆನಪಾಗುತ್ತದೆ. ಕ್ರಿಸ್‌ಮಸ್ ಈಗ ಕ್ರೈಸ್ತರ ಮನೆಗಳಿಗೆ ಸೀಮಿತವಾದ ಹಬ್ಬವಾಗಿ ಉಳಿದಿಲ್ಲ. ಬೆಂಗಳೂರಿನ ಕಚೇರಿಗಳಲ್ಲಿ ಚೀಟಿ ಎತ್ತಿ, ಯಾರ ಹೆಸರು ಬಂತೋ ಅವರಿಗೆ ಗುಟ್ಟಾಗಿ ಉಡುಗೊರೆ ಕೊಡುವ 'ಸೀಕ್ರೆಟ್ ಸಾಂಟಾ' ಪದ್ಧತಿ ಬೇರೂರಿದೆ. ಹೆಸರಷ್ಟೇ ಗೊತ್ತಿರುವ ಸಹೋದ್ಯೋಗಿಗೆ ಏನು ಕೊಡುವುದು? ಒಂದು ಕಾಫಿ ಮಗ್, ಒಂದು ಪರಿಮಳದ ಮೇಣದಬತ್ತಿ. ಅವುಗಳ ಮೇಲೆ ಮಿರುಗುವ ಕಾಗದ. ಪ್ಲಾಸ್ಟಿಕ್ ಪದರವಿರುವ ಆ ಕಾಗದ ಮರುಬಳಕೆಗೂ ಒದಗುವುದಿಲ್ಲ. ಈ ನಗರದ ಕಸ ಹೊತ್ತು ಸಾಕಾಗಿ ಮಾವಳ್ಳಿಪುರ ಮತ್ತು ಮಂಡೂರಿನ ಜನ ಬೀದಿಗಿಳಿದದ್ದನ್ನು ನಾವು ಇಷ್ಟು ಬೇಗ ಮರೆಯಬಾರದು.

ಅರ್ಥಶಾಸ್ತ್ರಜ್ಞರು ಈ ವಿಷಯವನ್ನು ಲೆಕ್ಕ ಹಾಕದೆ ಬಿಟ್ಟಿಲ್ಲ. 1993ರಲ್ಲಿ ಅಮೆರಿಕದ ಜೋಯೆಲ್ ವಾಲ್ಡ್‌ಫೋಗೆಲ್, ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಅವರಿಗೆ ಬಂದ ಉಡುಗೊರೆಗಳ ಬಗ್ಗೆ ವಿಚಾರಿಸಿದರು. ಕೊಟ್ಟವರು ತೆತ್ತ ಬೆಲೆಗೂ ಪಡೆದವರು ಆ ವಸ್ತುವಿಗೆ ಕಟ್ಟಿದ ಬೆಲೆಗೂ ತಾಳೆಯಾಗಲಿಲ್ಲ. ಬೆಲೆಯ ಹತ್ತರಲ್ಲೊಂದು ಪಾಲಿನಿಂದ ಮೂರರಲ್ಲೊಂದು ಪಾಲಿನವರೆಗೆ ಹೀಗೆ ಪೋಲಾಗುತ್ತದೆ ಎಂಬುದು ಅವರ ಅಂದಾಜು. ಕೊಟ್ಟವರ ಕೈಬಿಟ್ಟು, ಪಡೆದವರಿಗೂ ದಕ್ಕದೆ ಹೋಗುವ ನಷ್ಟ ಇದು.

ಹಾಗಾದರೆ ಲಕೋಟೆಯಲ್ಲಿ ಹಣವಿಟ್ಟು ಕೊಡುವುದೇ ಲೇಸೇ? ಮದುವೆಮನೆಯ ಮುಯ್ಯಿಯಲ್ಲಿ ನಾವು ಅದನ್ನೇ ಮಾಡುತ್ತ ಬಂದಿದ್ದೇವೆ. ಆದರೆ ಅದೇ ಅಧ್ಯಯನದಲ್ಲಿ ಹೆಚ್ಚು ಚರ್ಚೆಯಾಗದ ಇನ್ನೊಂದು ಅಂಶವಿದೆ. ಸ್ನೇಹಿತರು ಮತ್ತು ಸಂಗಾತಿಗಳು ಕೊಟ್ಟದ್ದರಲ್ಲಿ ನಷ್ಟ ಕಡಿಮೆ. ದೂರವಿರುವ ಹಿರಿಯ ಬಂಧುಗಳು ಕೊಟ್ಟದ್ದರಲ್ಲಿ ಹೆಚ್ಚು. 1996ರಲ್ಲಿ ಸೋಲ್ನಿಕ್ ಮತ್ತು ಹೆಮೆನ್‌ವೇ ಎಂಬ ಇಬ್ಬರು ಸಂಶೋಧಕರಂತೂ ಉಡುಗೊರೆಗೆ ಅದರ ಬೆಲೆಗಿಂತ ಹೆಚ್ಚಿನ ಮೌಲ್ಯವನ್ನೇ ಜನ ಕಟ್ಟುತ್ತಾರೆಂದು ಕಂಡುಕೊಂಡು, ಮೊದಲಿನ ತೀರ್ಮಾನವನ್ನು ಪ್ರಶ್ನಿಸಿದರು. ನನಗೆ ತೋರುವುದಿಷ್ಟು: ಕೊಡುವುದರಿಂದ ನಷ್ಟವಿಲ್ಲ, ಪಡೆಯುವವರನ್ನು ಅರಿಯದೆ ಕೊಡುವುದರಿಂದ ನಷ್ಟ.

ನಮ್ಮ ಬಡಾವಣೆಯಲ್ಲಿ ಮಂಗಳೂರು ಮೂಲದ ನಿವೃತ್ತ ಅಧ್ಯಾಪಕಿಯೊಬ್ಬರು ಒಬ್ಬರೇ ವಾಸವಾಗಿದ್ದಾರೆ. ಪ್ರತಿ ಕ್ರಿಸ್‌ಮಸ್‌ಗೂ ಅವರ ಮನೆಯಿಂದ ನಮಗೆ ಕುಸ್ವಾರ್ ತಟ್ಟೆ ಬರುತ್ತದೆ: ನಮ್ಮ ಕರ್ಜಿಕಾಯಿಯನ್ನು ಹೋಲುವ ನೆವ್ರಿ, ಸಕ್ಕರೆ ಪಾಕ ಹೊದ್ದ ಕಿಡಿಯೊ, ಅಕ್ಕಿಹಿಟ್ಟು ತೆಂಗಿನಕಾಯಿಯ ಗುಳಿಯೊ. ಹತ್ತು ದಿನಗಳಲ್ಲಿ ಎಲ್ಲವೂ ಮುಗಿದು ಉಳಿಯುವುದು ತಟ್ಟೆಯೊಂದೇ. ಅದೂ ಬರಿದಾಗಿ ಹೋಗಬಾರದೆಂದು ಒಂದಿಷ್ಟು ಸಕ್ಕರೆ ಹಾಕಿಸಿಕೊಂಡು ಅವರ ಮನೆಗೇ ಮರಳುತ್ತದೆ. ಸಂಕ್ರಾಂತಿಗೆ ನಮ್ಮ ಎಳ್ಳುಬೆಲ್ಲ ಅವರ ಮನೆಗೆ ಹೋಗುತ್ತದೆ. ಅಟ್ಟ ಸೇರುವ ಪ್ರಮೇಯವೇ ಇಲ್ಲ.

ಕಳೆದ ವರ್ಷ ತಟ್ಟೆ ಬರಲಿಲ್ಲ. ವಿಚಾರಿಸಲು ಹೋದೆವು. ವಿದೇಶದಲ್ಲಿರುವ ಮಕ್ಕಳು ಕಳುಹಿಸಿದ ಪಾರ್ಸೆಲ್‌ಗಳು ಮೇಜಿನ ಮೇಲೆ ಹಾಗೆಯೇ ಇದ್ದವು. "ಇದೆಲ್ಲ ಇಟ್ಟುಕೊಂಡು ನಾನೇನು ಮಾಡುವುದು ಸರ್? ಬೆರಳು ಗಂಟು ಹಿಡಿದಿದೆ. ಜೊತೆಗೆ ಕೂತು ಕಿಡಿಯೊ ಸುರುಳಿ ಮಾಡುವವರು ಒಬ್ಬರಿದ್ದರೆ ಸಾಕಿತ್ತು" ಎಂದರು. ಮಕ್ಕಳ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ತಾಯಿಯ ಅಗತ್ಯವೇನೆಂಬುದು ಅವರಿಗೆ ತಿಳಿದಿರಲಿಲ್ಲ. ಎರಡು ಮನೆ ಆಚೆಗಿದ್ದ ನಮಗೂ ತಿಳಿದಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಎಲ್ಲರೂ ಕೊಳ್ಳುವುದನ್ನು ನಿಲ್ಲಿಸಿದರೆ ಹಬ್ಬದ ವ್ಯಾಪಾರವನ್ನೇ ನಂಬಿದವರ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನಾನು ಅದನ್ನು ತಳ್ಳಿಹಾಕಲಾರೆ. ಆದರೆ ಹಣವನ್ನು ವಸ್ತುವಿಗೇ ವ್ಯಯಿಸಬೇಕೆಂದಿಲ್ಲ, ಮನುಷ್ಯರ ದುಡಿಮೆಗೂ ವ್ಯಯಿಸಬಹುದು. ಅಜ್ಜನ ಹಳೆಯ ಕೈಗಡಿಯಾರವನ್ನು ರಿಪೇರಿ ಮಾಡಿಸಿ ಮೊಮ್ಮಗನಿಗೆ ಕೊಟ್ಟರೆ ರಿಪೇರಿಯವನಿಗೂ ಸಂಪಾದನೆ. ಅಮ್ಮನ ರೇಷ್ಮೆ ಸೀರೆಯಿಂದ ಮಗಳಿಗೆ ಲಂಗ ಹೊಲಿಸಿದರೆ ದರ್ಜಿಗೂ ಹಬ್ಬ. ಬಡಾವಣೆಯ ಬೇಕರಿಯ ಪ್ಲಮ್ ಕೇಕ್, ನೆರೆಮನೆಯ ಹುಡುಗಿಗೆ ಒಂದು ತಿಂಗಳ ಸಂಗೀತ ಪಾಠದ ಶುಲ್ಕ, ನಮ್ಮದೇ ಕಪಾಟಿನಿಂದ ಆರಿಸಿದ ಒಂದು ಪುಸ್ತಕ: ಇವು ಯಾವುವೂ ಯಾರ ಮನೆಗೂ ಭಾರವಾಗುವುದಿಲ್ಲ. ಏನೂ ತೋಚದಿದ್ದಾಗ "ನಿಮಗೇನು ಬೇಕು?" ಎಂದು ಕೇಳಿಬಿಡುವುದರಲ್ಲಿ ಸಂಕೋಚವೇಕೆ?

ಈ ಡಿಸೆಂಬರ್‌ನಲ್ಲಿ ನನ್ನ ಪತ್ನಿಯೂ ನಾನೂ ಎರಡು ಮಧ್ಯಾಹ್ನಗಳನ್ನು ಆ ಅಧ್ಯಾಪಕಿಯ ಅಡುಗೆಮನೆಗೆ ಮೀಸಲಿಟ್ಟಿದ್ದೇವೆ. ಹಿಟ್ಟನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಸುತ್ತುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಡತಗಳನ್ನು ತಿರುವಿದ ಕೈಗಳಿಗೆ ಅದು ಎಷ್ಟರಮಟ್ಟಿಗೆ ಒಲಿಯುತ್ತದೋ ನೋಡಬೇಕು.